ಬಾಕಿ ಪಗಾರ

(ಡಿಸೆಂಬರ್ 17, ಪಿಂಚಣಿದಾರರ ದಿನದಂದು ಹುಬ್ಬಳ್ಳಿಯಲ್ಲಿ ನಡೆದ ನಿವೃತ್ತರ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಆಡಿದ್ದನ್ನೇ ಮತ್ತೆ ಆಡಿದ ಕಡೆ ಕತ್ತರಿಸಿದ್ದೇನೆ. ಸಭಿಕರ ನಡುಮಾತುಗಳನ್ನು ಒಂದೆರಡು ಕಡೆ ಉಳಿಸಿಕೊಂಡಿದ್ದೇನೆ.)

ಹಿರಿಯರೇ, ತಾಯಂದಿರೇ,

ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜೂನ್ 1 ಎಂದು ಇರುವವರು ದಯವಿಟ್ಟು ಕೈ ಎತ್ತಿ. ಸರಿ. ಜನವರಿ 1 ಎಂದು ಇರುವವರು? ನೋಡಿ, ಈ ಸಭಾಂಗಣದ ಅರ್ಧಕ್ಕೂ ಹೆಚ್ಚು ಜನ ವರ್ಷದ ಎರಡೇ ದಿನಗಳಲ್ಲಿ ಹುಟ್ಟಿದ್ದೇವೆ. ನಾನೂ ಜೂನ್ 1ರವನೇ. ನಮ್ಮವ್ವ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ಸೀಗೆಹುಣ್ಣಿಮೆಯ ರಾತ್ರಿ, ಮನೆಯವರೆಲ್ಲ ಹೊಲದಲ್ಲಿ ಚರಗ ಚೆಲ್ಲಿ ಬಂದು ಕೈಕಾಲು ತೊಳೆದುಕೊಳ್ಳುವ ಹೊತ್ತಿಗೆ. ಸಾಲಿ ಮಾಸ್ತರರಿಗೆ ಹುಣ್ಣಿಮೆ ಬೇಕಿರಲಿಲ್ಲ, ತಾರೀಖು ಬೇಕಿತ್ತು. ಶಾಲೆ ಶುರುವಾಗುವ ದಿನವನ್ನೇ ಬರೆದುಕೊಂಡರು. ಐವತ್ತು ವರ್ಷ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಪಿಂಚಣಿಯ ಅರ್ಜಿ ಹಾಕುವ ದಿನ ಎದ್ದು ಕೂತಿತು.

ನಾನು ಪಂಡಿತನಲ್ಲ, ವಕೀಲನೂ ಅಲ್ಲ. ಈ ಊರಿನ ಒಂದು ಮಿಲ್ಲಿನ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಮುಂಜಾನೆಯ ಭೋಂಗಾ ಆಗುವ ಮೊದಲೇ ಬಂದು ಹಾಜರಿ ಪುಸ್ತಕ ತೆರೆಯುವುದು, ತಿಂಗಳ ಕೊನೆಗೆ ಪಗಾರದ ಪಟ್ಟಿ ಮಾಡುವುದು, ಹೊಸಬರು ಬಂದರೆ ಪಿಎಫ್ (ಭವಿಷ್ಯ ನಿಧಿ) ನಮೂನೆ ತುಂಬಿಸಿ ಹೆಬ್ಬೆಟ್ಟು ಒತ್ತಿಸುವುದು ನನ್ನ ಕೆಲಸ. ಆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವ ಅಂಕಣ ಎರಡು ಬೆರಳಿನಷ್ಟು ಅಗಲ. ಬಸವಣ್ಣೆಪ್ಪ ಎಂಬ ಹೆಸರು ಅದರೊಳಗೆ ಹಿಡಿಸುತ್ತಿರಲಿಲ್ಲ. ನಾನು ಬಸಪ್ಪ ಎಂದು ಬರೆಯುತ್ತಿದ್ದೆ. ಅದೇ ಹೆಸರು ಪಿಎಫ್ ಖಾತೆಗೆ ಹೋಗುತ್ತಿತ್ತು. ಮುಂದೆ ಬ್ಯಾಂಕಿನವರು ಅದೇ ಮನುಷ್ಯನನ್ನು ಬಸವರಾಜ ಎಂದರು, ಆಧಾರ್ ಮಾಡಿದ ಹುಡುಗ ಬಸವಣ್ಯಪ್ಪ ಎಂದು ಒತ್ತಿದ. ದೇಹ ಒಂದೇ, ಹೆಸರು ನಾಲ್ಕು.

ಎರಡು ವರ್ಷಗಳ ಹಿಂದೆ ಒಬ್ಬ ತಾಯಿ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಗಂಡ ತೀರಿಕೊಂಡಿದ್ದರು, ವಿಧವಾ ಪಿಂಚಣಿಯ ಅರ್ಜಿ ಎರಡು ಬಾರಿ ಹಿಂದಕ್ಕೆ ಬಂದಿತ್ತು. ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಒಂದು ಝೆರಾಕ್ಸ್ ಪ್ರತಿಯನ್ನು ಕೈಗೆ ಕೊಟ್ಟು, “ತಮ್ಮಾ, ಇದರಲ್ಲಿ ಏನು ತಪ್ಪಿದೆ ನೋಡು” ಎಂದರು. ನಾಮನಿರ್ದೇಶನದ ಹಳೆಯ ನಮೂನೆ ಅದು. ಗಂಡನ ಹೆಸರು ಗಿಡ್ಡ, ಹೆಂಡತಿಯ ಹೆಸರಿನ ಜಾಗದಲ್ಲಿ ಅವರ ತವರಿನ ಹೆಸರು. ನನಗೆ ತಪ್ಪಿಗಿಂತ ಮೊದಲು ಕಂಡದ್ದು ಅಕ್ಷರ. ‘ಪ’ದ ಹೊಟ್ಟೆಯನ್ನು ಹಾಗೆ ಎಳೆಯುತ್ತಿದ್ದವನು ಇಡೀ ಮಿಲ್ಲಿನಲ್ಲಿ ಒಬ್ಬನೇ. ಅದನ್ನು ಬರೆದವನು ನಾನು.

ಆ ಹೆಸರು ಸರಿಹೋಗಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವರು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾತು ಒಂದೇ: “ಏನಾದರೂ ಮಾಡಿ ಕೊಡಿಸಪ್ಪಾ, ಪುಣ್ಯ ಬರುತ್ತದೆ.” ಈ ಪುಣ್ಯದ ಮಾತೇ ನನಗೆ ಸಂಕಟ. ನನ್ನ ತಪ್ಪನ್ನು ನಾನು ತಿದ್ದುವುದರಲ್ಲಿ ಪುಣ್ಯ ಎಲ್ಲಿಂದ ಬಂತು? ಅದಕ್ಕಿಂತ ದೊಡ್ಡ ಮಾತು, ಅವರು ಕೇಳುತ್ತಿದ್ದದ್ದು ಅವರದೇ ಮನೆಯ ರೊಕ್ಕ. ಪಗಾರದ ದಿನ ಕಿಟಕಿಯಲ್ಲಿ ನಿಂತು “ಪುಣ್ಯ ಬರುತ್ತದೆ, ಪಗಾರ ಕೊಡಿ” ಎಂದು ಯಾವ ಕಾರ್ಮಿಕನೂ ನನ್ನನ್ನು ಕೇಳಲಿಲ್ಲ. ಎರಡು ರೂಪಾಯಿ ಕಡಿಮೆ ಬಿದ್ದರೆ ಕಿಟಕಿಯ ಸರಳು ಹಿಡಿದು ಅಲುಗಿಸುತ್ತಿದ್ದರು. ಅದೇ ಜನ ಪಿಂಚಣಿಯ ಕಿಟಕಿಯ ಮುಂದೆ ಕೈ ಜೋಡಿಸಿ ನಿಲ್ಲುತ್ತಾರೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ಪಿಂಚಣಿ ಎಂದರೆ ದುಡಿಮೆಯ ಕಾಲದಲ್ಲಿ ಕೊಡದೆ ತಡೆಹಿಡಿದ ಪಗಾರ.

ಇದನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ. ಡಿಸೆಂಬರ್ 17ರಂದು ನಾವು ಸಭೆ ಸೇರುವುದೇ ಅದಕ್ಕೆ. 1982ರಲ್ಲಿ ಇದೇ ದಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಡಿ.ಎಸ್. ನಕಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೇಂದ್ರ ಸರಕಾರ 1979ರಲ್ಲಿ ಪಿಂಚಣಿಯ ಸೂತ್ರವನ್ನು ಉದಾರಗೊಳಿಸಿ, ಆ ವರ್ಷದ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಲಾಭ ಎಂದು ಗೆರೆ ಎಳೆದಿತ್ತು. ಮಾರ್ಚ್ 30ಕ್ಕೆ ಮನೆಗೆ ಹೋದವನು ಆಚೆ, 31ಕ್ಕೆ ಹೋದವನು ಈಚೆ. ಆ ಗೆರೆಯನ್ನು ಕೋರ್ಟು ಅಳಿಸಿ ಹಾಕಿತು. ಪಿಂಚಣಿ ಸರಕಾರದ ಕೃಪೆಯೂ ಅಲ್ಲ, ಬಕ್ಷೀಸೂ ಅಲ್ಲ, ಸಲ್ಲಿಸಿದ ಸೇವೆಗೆ ಬರಬೇಕಾದ ಹಕ್ಕು ಎಂದಿತು. ಸರಕಾರಿ ನೌಕರಿಯಲ್ಲಿದ್ದ ಗೆಳೆಯರು ಇಲ್ಲಿ ಅನೇಕರಿದ್ದೀರಿ. ನೀವು ಎಚ್ಚರದಿಂದ ಇರಬೇಕಾದ ಸಂಗತಿಯೂ ಇದೇ ಗೆರೆಯದು. 2025ರ ಹಣಕಾಸು ಕಾಯ್ದೆಯಲ್ಲಿ, ಪಿಂಚಣಿದಾರರನ್ನು ನಿವೃತ್ತಿಯ ದಿನಾಂಕ ನೋಡಿ ವಿಂಗಡಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ಇದೆ ಎಂಬ ಭಾಗ ಸೇರಿದೆ. ಈಗ ಬರುತ್ತಿರುವ ಪಿಂಚಣಿಗೆ ಇದರಿಂದ ಬಾಧಕವಿಲ್ಲ ಎಂದು ಹಣಕಾಸು ಸಚಿವರು ಹೇಳಿದ್ದಾರೆ. ಇರಲಿ. ಆದರೆ ನಲವತ್ತು ವರ್ಷಗಳ ಹಿಂದೆ ಅಳಿಸಿದ ಗೆರೆಯನ್ನು ಮತ್ತೆ ಎಳೆಯಲು ಸೀಮೆಸುಣ್ಣವನ್ನು ಯಾರಾದರೂ ಸುಮ್ಮನೆ ಕೈಯಲ್ಲಿ ಹಿಡಿದುಕೊಳ್ಳುವುದಿಲ್ಲ.

ನನಗೆ ಹೆಚ್ಚು ಗೊತ್ತಿರುವುದು ಖಾಸಗಿ ಮಿಲ್ಲು, ಕಾರ್ಖಾನೆ, ಸಹಕಾರ ಸಂಘ, ಸಾರಿಗೆಯವರ ಪಿಂಚಣಿ, ಅಂದರೆ ಇಪಿಎಸ್-95 (1995ರ ನೌಕರರ ಪಿಂಚಣಿ ಯೋಜನೆ). 1995ರ ನವೆಂಬರ್ 16ರಿಂದ ಜಾರಿಗೆ ಬಂತು. ಮಾಲೀಕ ಪಿಎಫ್‌ಗೆ ಕೊಡುವ ನೂರಕ್ಕೆ 12ರಲ್ಲಿ 8.33 ಈ ನಿಧಿಗೆ ಹೋಗುತ್ತದೆ, ಕೇಂದ್ರ ಸರಕಾರ 1.16 ಸೇರಿಸುತ್ತದೆ. ಲೆಕ್ಕ ಹಾಕುವ ರೀತಿ ಬಹಳ ಸರಳ. ಪಿಂಚಣಿಗೆ ಹಿಡಿಯುವ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮುಗಿಯಿತು.

ನಮ್ಮ ಮಿಲ್ಲಿನ ಒಬ್ಬ ಜಾಬರ್ (ಕಾರ್ಮಿಕರ ಮೇಸ್ತ್ರಿ) 2013ರ ನವೆಂಬರಿನಲ್ಲಿ 58 ತುಂಬಿ ಮನೆಗೆ ಹೋದರು. ಯೋಜನೆಯ ಲೆಕ್ಕದಲ್ಲಿ ಸೇವೆ 18 ವರ್ಷ. ಅವರ ಕೈಗೆ ಬರುತ್ತಿದ್ದ ಪಗಾರ ಎಷ್ಟೇ ಇರಲಿ, ಆಗ ಪಿಂಚಣಿಗೆ ಹಿಡಿಯುತ್ತಿದ್ದ ಮಿತಿ 6500. 6500ನ್ನು 18ರಿಂದ ಗುಣಿಸಿ 70ರಿಂದ ಭಾಗಿಸಿದರೆ 1671 ರೂಪಾಯಿ. 1995ಕ್ಕಿಂತ ಹಿಂದಿನ ಸೇವೆಗೆ ಸಿಗುವ ಅಲ್ಪ ಮೊತ್ತ ಬೇರೆ. ಹನ್ನೆರಡು ವರ್ಷ ಕಳೆಯಿತು. ಜೋಳದ ಧಾರಣೆ ಏರಿದೆ, ಎಣ್ಣೆಯ ಧಾರಣೆ ಏರಿದೆ, ಅವರ 1671 ಹಾಗೆಯೇ ಇದೆ. ಈ ಯೋಜನೆಯಲ್ಲಿ ತುಟ್ಟಿಭತ್ಯೆ ಎಂಬುದೇ ಇಲ್ಲ. ಸರಕಾರಿ ಪಿಂಚಣಿಗೂ ಇದಕ್ಕೂ ಇರುವ ಅಂತರ ಆರಂಭದ ಮೊತ್ತದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಹತ್ತು ವರ್ಷ ಕಳೆದ ಮೇಲೆ ಕಾಣುತ್ತದೆ.

ಮಿತಿ 2014ರ ಸೆಪ್ಟೆಂಬರ್ 1ರಿಂದ 15,000 ಆಯಿತು. ಅದೇ ದಿನದಿಂದ ಕನಿಷ್ಠ ಪಿಂಚಣಿ 1000 ರೂಪಾಯಿ. ಅದಕ್ಕೆ ಒಂದು ವರ್ಷ ಮೊದಲು, ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ 3000 ಕೊಡಬೇಕು ಎಂದು ಹೇಳಿತ್ತು. ಈಗ ಸಂಘಟನೆಗಳು 7500 ಮತ್ತು ತುಟ್ಟಿಭತ್ಯೆ ಕೇಳುತ್ತಿವೆ. ಇದು ಅತಿಯಾಯಿತು ಎನ್ನುವವರಿಗೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಇವತ್ತು ದುಡಿಯುತ್ತಿರುವ ನಿಮ್ಮ ಮಗನಿಗೆ ಇಡೀ 30 ವರ್ಷದ ಸೇವೆಗೂ 15,000ವೇ ಅನ್ವಯಿಸಿತು ಎಂದು ಧಾರಾಳವಾಗಿಯೇ ಹಿಡಿಯೋಣ. 20 ವರ್ಷ ದಾಟಿದವರಿಗೆ ಸಿಗುವ 2 ವರ್ಷದ ಹೆಚ್ಚುವರಿಯನ್ನೂ ಸೇರಿಸೋಣ. 6857 ರೂಪಾಯಿ ಆಗುತ್ತದೆ. ಒಂದು ಆಯುಷ್ಯದ ದುಡಿಮೆಗೆ ಅಷ್ಟೇ. ಹೆಚ್ಚಿನ ಪಿಂಚಣಿಯ ಬಗ್ಗೆ 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಅನೇಕರು ಕುಣಿದರು. ಪೂರ್ತಿ ಪಗಾರದ ಮೇಲೆ ವಂತಿಗೆ ಕಟ್ಟಿದವರಿಗೆ, ಅದೂ ಷರತ್ತುಗಳೊಡನೆ, ಅದರ ದಾರಿ ತೆರೆಯಿತು. 1671ರವರಿಗೆ ಅದರಿಂದ ಏನೂ ಆಗಲಿಲ್ಲ.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು, “ಇಷ್ಟಕ್ಕೂ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ಬೇರೆ ತೋರಿಸಬೇಕು” ಎಂದರು. ಸಭೆ ನಕ್ಕಿತು.)

ಒಳ್ಳೆಯದಾಯಿತು, ಆ ಮಾತಿಗೇ ಬರುತ್ತಿದ್ದೆ. ಜೀವಿತ ಪ್ರಮಾಣಪತ್ರಕ್ಕೆ ಇಪಿಎಸ್‌ನವರು ನವೆಂಬರಿನಲ್ಲೇ ಸಾಲು ಹಚ್ಚಬೇಕಾಗಿಲ್ಲ. ವರ್ಷದ ಯಾವ ದಿನ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಬ್ಯಾಡಗಿಯ ಕಡೆಯ ಒಬ್ಬ ಅಜ್ಜಿಯನ್ನು ನಾನು ಬಲ್ಲೆ. ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈ. ಬೆರಳಚ್ಚಿನ ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿದರೂ ಅದು ಇವರನ್ನು ಗುರುತಿಸಲಿಲ್ಲ. ಒರೆಸಿ ಒತ್ತಿ, ತೊಳೆದು ಒತ್ತಿ, ಕೊನೆಗೆ ಅಜ್ಜಿ ಯಂತ್ರಕ್ಕೇ, “ನಾನೇನು ಕಳ್ಳಿಯೇನು?” ಎಂದು ಕೇಳಿದರಂತೆ. ಅಂಥವರಿಗೆ ಈಗ ಮುಖ ತೋರಿಸುವ ವ್ಯವಸ್ಥೆ ಬಂದಿದೆ. ಮೊಮ್ಮಗನ ಮೊಬೈಲಿನಲ್ಲಿ, ಮನೆಯ ಬೆಳಕಿನಲ್ಲಿ, ಕಣ್ಣು ಮಿಟುಕಿಸಿದರೆ ಆಯಿತು. ಆದರೆ ‘ನಿಮ್ಮ ಪಿಂಚಣಿ ನಿಲ್ಲುತ್ತದೆ, ಓಟಿಪಿ ಹೇಳಿ’ ಎಂದು ಫೋನು ಬಂದರೆ ಕೆಳಗಿಡಿ. ಯಾವ ಪಿಂಚಣಿ ಕಚೇರಿಯೂ ಹಾಗೆ ಕೇಳುವುದಿಲ್ಲ.

ಹೆಸರು, ಹುಟ್ಟಿದ ದಿನ ತಿದ್ದಿಸುವ ವಿಷಯ ಇನ್ನಷ್ಟು ಸೂಕ್ಷ್ಮ. 2024ರ ಜನವರಿಯಿಂದ ಪಿಎಫ್‌ನವರು ಜನ್ಮದಿನಾಂಕಕ್ಕೆ ಆಧಾರನ್ನು ಪುರಾವೆಯಾಗಿ ಒಪ್ಪುವುದಿಲ್ಲ. ಶಾಲೆ ಬಿಟ್ಟ ದಾಖಲೆ, ಜನನ ಪ್ರಮಾಣಪತ್ರದಂಥವು ಬೇಕು. ಏನೂ ಇಲ್ಲದವರು ಸಿವಿಲ್ ಸರ್ಜನ್ನರ ಪ್ರಮಾಣಪತ್ರಕ್ಕೆ ಅಫಿಡವಿಟ್ ಹಚ್ಚಿ ಕೊಡಬಹುದು. ಕಾರ್ಖಾನೆ ಮುಚ್ಚಿದೆ, ಸಹಿ ಮಾಡಲು ಮಾಲೀಕನೇ ಇಲ್ಲ ಎಂದು ಕೈ ಚೆಲ್ಲಬೇಡಿ. ಅಂಥ ಸಂದರ್ಭದಲ್ಲಿ ಗೆಜೆಟೆಡ್ ಅಧಿಕಾರಿ ಮುಂತಾದವರ ದೃಢೀಕರಣ ನಡೆಯುತ್ತದೆ. ಆ ತಾಯಿಯ ಕೆಲಸ ಆದದ್ದೂ ಹಾಗೆಯೇ. ಗದಗ, ಹಾವೇರಿಯವರು ಪ್ರತಿಯೊಂದಕ್ಕೂ ಹುಬ್ಬಳ್ಳಿಯ ನವನಗರಕ್ಕೆ ಓಡಿ ಬರಬೇಕಿಲ್ಲ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲೇ ಪಿಎಫ್ ಇಲಾಖೆಯ ಅಹವಾಲು ಶಿಬಿರ ನಡೆಯುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಒಂದು ಬದಲಾವಣೆ ನೋಡಿದ್ದೇನೆ, ಹೇಳಿಬಿಡುತ್ತೇನೆ. ಮೊದಲು ವಿಧವೆಯರ ಕಾಗದ ಹಿಡಿದು ಅಳಿಯನೋ ಮೈದುನನೋ ಬರುತ್ತಿದ್ದ. ಈಗ ಟಿಕೆಟ್ಟಿನ ಚಿಂತೆಯಿಲ್ಲ, ತಾಯಂದಿರು ತಾವೇ ಬರುತ್ತಾರೆ. ಕಿಟಕಿಯಲ್ಲಿ ಅವರು ಕೇಳುವ ಪ್ರಶ್ನೆ ಅಳಿಯನ ಪ್ರಶ್ನೆಗಿಂತ ನೇರವಾಗಿರುತ್ತದೆ.

ಇನ್ನು ಒಮ್ಮೆಲೇ ಕೈಗೆ ಬರುವ ಹಣ, ಪಿಎಫ್ ಮತ್ತು ಗ್ರಾಚ್ಯುಟಿ. ಗ್ರಾಚ್ಯುಟಿ ಎಂದರೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಪಗಾರ, ತಿಂಗಳಿಗೆ 26 ದಿನ ಎಂದು ಹಿಡಿದು. ಬಾಕಿಯಾದ ಮೂವತ್ತು ದಿನದೊಳಗೆ ಕೊಡದಿದ್ದರೆ ಬಡ್ಡಿ ಸಮೇತ ಕೊಡಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಗೊತ್ತಾದ ಅವಧಿಯ ಗುತ್ತಿಗೆಯವರಿಗೂ ಒಂದು ವರ್ಷದ ಸೇವೆಗೇ ಇದು ಸಿಗುತ್ತದೆ. ನಿಮ್ಮ ಮಕ್ಕಳಿಗೆ ಹೇಳಿ.

ನಮ್ಮ ಕಾಲದವರ ಹಣ ಏನಾಯಿತು? ನಾನು ಚೆಕ್ಕು ಕೊಟ್ಟವರ ಪೈಕಿ ಬಹುಪಾಲು ಜನರ ಹಣ ಆರು ತಿಂಗಳೊಳಗೆ ಮಗಳ ಮದುವೆಗೆ, ಮಗನ ಪ್ಲಾಟಿಗೆ ಹೋಯಿತು. ಬೇಡ ಎನ್ನಲು ನಾನು ಯಾರು? ಆದರೆ ಲೆಕ್ಕ ನೋಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಈಗ ಬಡ್ಡಿ ನೂರಕ್ಕೆ 8.2. ಐದು ಲಕ್ಷ ಇಟ್ಟರೆ ಮೂರು ತಿಂಗಳಿಗೆ 10,250 ರೂಪಾಯಿ ಬರುತ್ತದೆ, ಅಂದರೆ ಆ ಜಾಬರ್ ಪಿಂಚಣಿಯ ಎರಡರಷ್ಟು. ಮನೆಯನ್ನೇ ಮಗನ ಹೆಸರಿಗೆ ಬರೆದುಕೊಡುವವರಂತೂ ಒಂದು ಸಾಲನ್ನು ಮರೆಯಬಾರದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳದ ಮಕ್ಕಳಿಂದ ದಾನಪತ್ರವನ್ನು ರದ್ದು ಮಾಡಿಸಲು ಅವಕಾಶ ಕೊಡುತ್ತದೆ. ಆದರೆ ನೋಡಿಕೊಳ್ಳಬೇಕೆಂಬ ಷರತ್ತು ಇದ್ದುದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. “ಊಟ, ಔಷಧ, ವಸತಿ ನೋಡಿಕೊಳ್ಳತಕ್ಕದ್ದು” ಎಂದು ಪತ್ರದಲ್ಲೇ ಬರೆಸಿ. ಮಗ ಒಳ್ಳೆಯವನಾಗಿದ್ದರೆ ಆ ಸಾಲಿಗೆ ಅವನೇನೂ ಮುನಿಯುವುದಿಲ್ಲ. ಇಂಥ ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ಮುಂದೆ ಹಾಕಬೇಕು. ಫೋನಿನಲ್ಲಿ ಕೇಳುವುದಾದರೆ ಹಿರಿಯರ ಸಹಾಯವಾಣಿ 14567.

ಈಗ ದವಾಖಾನೆಗೆ ಬರೋಣ. ಪಿಂಚಣಿ ಕರಗುವುದು ಅಲ್ಲಿಯೇ.

2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇದ್ದರೂ, ಆಯುಷ್ಮಾನ್ ಯೋಜನೆಯಡಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡುವುದಕ್ಕೆ ಚಾಲನೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ಐದು ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರಕಾರ ಗೊತ್ತುಮಾಡಿದ ದರದ, ನೂರಕ್ಕೆ 30. ತುರ್ತು ಪ್ರಸಂಗ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಪಡೆದೇ ಖಾಸಗಿಗೆ ಹೋಗಬೇಕು. ಈ ಒಂದು ಸಂಗತಿ ಗೊತ್ತಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಿ, ಬಿಲ್ಲು ಬಂದ ಮೇಲೆ ಕಾರ್ಡು ತೋರಿಸಿದ ಎಷ್ಟೋ ಕುಟುಂಬಗಳನ್ನು ನೋಡಿದ್ದೇನೆ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಇರಲಿ, ಗದಗ, ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿರಲಿ, ಒಳಗೆ ಹೋದ ಕೂಡಲೇ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜು ಎಲ್ಲಿದೆ ಎಂದು ಕೇಳಿ. ದಾಖಲಾಗುವ ಮೊದಲು ಕೇಳಿ, ಬಿಡುಗಡೆಯ ದಿನ ಅಲ್ಲ.

ಆದರೆ ಈ ಎಲ್ಲ ಕಾರ್ಡುಗಳ ಹೊಟ್ಟೆಯಲ್ಲಿ ಒಂದು ತೂತಿದೆ. ಅವು ಹಾಸಿಗೆ ಹಿಡಿದವನಿಗೆ ದುಡ್ಡು ಕೊಡುತ್ತವೆ, ನಡೆದಾಡುವ ರೋಗಿಗೆ ಕೊಡುವುದಿಲ್ಲ. ನಮ್ಮ ಖರ್ಚು ಯಾವುದು? ಬಿಪಿ ಗುಳಿಗೆ, ಸಕ್ಕರೆಯ ಗುಳಿಗೆ, ಮೊಣಕಾಲಿನ ನೋವಿನ ಗುಳಿಗೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಹೋಗಿಬರುವ ಆಟೋ. ವರ್ಷಪೂರ್ತಿ ಈ ಗುಳಿಗೆಗಳನ್ನು ಸರಿಯಾಗಿ ನುಂಗಿದವನು ಪಾರ್ಶ್ವವಾಯು ಹೊಡೆದು ದಾಖಲಾಗುವ ಸಂಭವ ಕಡಿಮೆ. ದಾಖಲಾದರೆ ಐದು ಲಕ್ಷ ಕೊಡಲು ಸಿದ್ಧವಿರುವ ವ್ಯವಸ್ಥೆ, ದಾಖಲಾಗದಂತೆ ತಡೆಯುವ ಗುಳಿಗೆಯನ್ನು ನಮ್ಮ ಜೇಬಿಗೆ ಬಿಟ್ಟಿದೆ. 1671ರ ಆ ಜಾಬರ್ ಗುಳಿಗೆಯನ್ನು ಅರ್ಧ ಮುರಿದು ನುಂಗುತ್ತಿದ್ದರು, ಒಂದು ತಿಂಗಳದ್ದು ಎರಡು ತಿಂಗಳು ಬರಲಿ ಎಂದು. ಮಡಚಿದ ಕಾಗದದಲ್ಲಿ ಆ ಅರ್ಧಗಳು ಜೋಳದ ನುಚ್ಚಿನ ಹಾಗೆ ಬಿದ್ದಿರುತ್ತಿದ್ದವು. ಡಾಕ್ಟರು ಬಿಪಿ ಯಾಕೆ ಇಳಿದಿಲ್ಲ ಎಂದು ಕೇಳಿದರೆ ಇವರು ಉಪ್ಪಿನಕಾಯಿಯ ಮೇಲೆ ಹಾಕುತ್ತಿದ್ದರು.

ಅವರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಿಪಿ, ಸಕ್ಕರೆಯ ಸಾಮಾನ್ಯ ಗುಳಿಗೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ. ಅಲ್ಲಿ ದಾಸ್ತಾನು ಮುಗಿದಿದ್ದರೆ ಜನೌಷಧಿ ಅಂಗಡಿ ಇದೆ, ಅದೇ ಔಷಧ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಕಂಪನಿಯ ಹೆಸರಿನ ಬದಲು ಔಷಧದ ಹೆಸರನ್ನೇ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಕೇಳಿದರೆ ಬಹಳಷ್ಟು ಮಂದಿ ಬರೆಯುತ್ತಾರೆ. ಕೇಳುವವರೇ ಕಡಿಮೆ.

ರಾಜ್ಯ ಸರಕಾರಿ ನೌಕರಿಯಲ್ಲಿದ್ದವರ ನೋವು ಬೇರೆ ಬಗೆಯದು. ಅವರ ಚಿಕಿತ್ಸೆಯ ಯೋಜನೆ ಜ್ಯೋತಿ ಸಂಜೀವಿನಿ ಇದ್ದದ್ದು ಸೇವೆಯಲ್ಲಿರುವವರೆಗೆ. ಯಾವ ವಯಸ್ಸಿನಲ್ಲಿ ಆಸ್ಪತ್ರೆ ಬೇಕೋ ಆ ವಯಸ್ಸಿಗೆ ಸರಿಯಾಗಿ ಅದು ಕೈ ಬಿಡುತ್ತಿತ್ತು. ರೈಲ್ವೆಯವರು ಈ ಮಟ್ಟಿಗೆ ಅದೃಷ್ಟವಂತರು, ನಿವೃತ್ತಿಯ ಮೇಲೂ ಅವರಿಗೆ ಗದಗ ರಸ್ತೆಯ ದವಾಖಾನೆ ಇದೆ. (ಆದರೆ 2020ರ ಮಾರ್ಚಿನಲ್ಲಿ ನಿಂತ ಹಿರಿಯರ ಟಿಕೆಟ್ ರಿಯಾಯಿತಿ ಮಾತ್ರ ಇನ್ನೂ ಹಳಿಗೆ ಬಂದಿಲ್ಲ.) ಖಾಸಗಿ ವಿಮೆ ಕೊಳ್ಳುವವರಿಗೆ ಮೂರು ಮಾತು. 65 ದಾಟಿದವರಿಗೂ ಈಗ ಪಾಲಿಸಿ ಸಿಗುತ್ತದೆ. ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಹಿರಿಯರ ಕಂತನ್ನು ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳದೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇದೆ ಎಂದೇ ಬರೆಯಿರಿ.

ಹಳ್ಳಿಯಿಂದ ಬಂದವರಿಗೆ ಯಶಸ್ವಿನಿ ನೆನಪಿರಲಿ. ಸಹಕಾರ ಸಂಘದ ಸದಸ್ಯರು ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಕಟ್ಟಿದರೆ ಕುಟುಂಬಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆ. 2018ರಲ್ಲಿ ನಿಂತುಹೋಗಿತ್ತು, 2022ರಲ್ಲಿ ಮತ್ತೆ ಶುರುವಾಯಿತು. ಇಲ್ಲಿಂದ ಒಂದೂವರೆ ತಾಸಿನ ದಾರಿಯ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ನೆಲ ಇದು. ನಾಲ್ಕು ಜನ ನಾಲ್ಕಾಣೆ ಕೂಡಿಸಿ ಒಬ್ಬನ ಕಷ್ಟಕ್ಕೆ ಆಗುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನೋಂದಣಿಯ ಅವಧಿ ಮುಗಿದ ಮೇಲೆ ಓಡಿ ಬರುವ ಚಟವನ್ನು ಮಾತ್ರ ಬಿಡಬೇಕು.

ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಕೂಲಿ ಮಾಡಿಯೇ ಮುದುಕರಾದವರಿಗೆ ಸಂಧ್ಯಾ ಸುರಕ್ಷಾದ ತಿಂಗಳ 1200 ರೂಪಾಯಿ. ಅದು ರಾಜ್ಯದ್ದು. ವೃದ್ಧಾಪ್ಯ ಪಿಂಚಣಿಯ ಬೇರೆ ಯೋಜನೆಯಲ್ಲಿ ಕೇಂದ್ರ ಕೊಡುವ ಪಾಲು 80 ವರ್ಷದೊಳಗಿನವರಿಗೆ ಇವತ್ತಿಗೂ 200 ರೂಪಾಯಿ. ಆ ಮೊತ್ತ 2007ರಿಂದ ಬದಲಾಗಿಲ್ಲ. ಈ ಸಂಖ್ಯೆಯ ಬಗ್ಗೆ ನಾನು ಭಾಷಣ ಮಾಡುವುದಿಲ್ಲ. ಸಂಸದರು ಮತ ಕೇಳಲು ಬಂದಾಗ ಇದೊಂದೇ ಅಂಕೆಯನ್ನು ಅವರ ಮುಂದಿಡಿ. ಅರ್ಜಿ ಕೊಡಬೇಡಿ, ಹಾರ ಹಾಕಬೇಡಿ, ಪಗಾರದ ಕಿಟಕಿಯಲ್ಲಿ ಕೇಳುತ್ತಿದ್ದ ಹಾಗೆ ಕೇಳಿ.

ಆ ತಾಯಿಗೆ ಕೊನೆಗೆ ಪಿಂಚಣಿ ಮಂಜೂರಾಯಿತು. ತಿಂಗಳಿಗೆ 1000 ರೂಪಾಯಿ. ಬಾಕಿಯೂ ಒಟ್ಟಿಗೆ ಜಮೆಯಾಯಿತು. ಪಾಸ್‌ಬುಕ್ ಹಿಡಿದು ಬಂದು, ನನ್ನ ಕಾಲು ಮುಟ್ಟಲು ಬಗ್ಗಿದರು. ಎತ್ತಿ ನಿಲ್ಲಿಸಿ, ಆ ಝೆರಾಕ್ಸಿನಲ್ಲಿದ್ದ ಅಕ್ಷರ ಯಾರದು ಎಂದು ಅವರಿಗೆ ಹೇಳಿದೆ. ಅಷ್ಟು ದಿನ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಹಾಗಾದರೆ ನಾನು ಯಾಕೆ ಹದಿನಾಲ್ಕು ತಿಂಗಳು ನಿನಗೆ ಕೈ ಮುಗಿದೆ?” ಎಂದರು. ಚಹಾ ಕುಡಿಯದೆ ಎದ್ದು ಹೋದರು.

ಹೊರಗೆ ಪಡಸಾಲೆಯಲ್ಲಿ ಮೇಜು ಹಾಕಿದ್ದೇವೆ, ಮೂರು ಗಂಟೆಯವರೆಗೆ ನಾನೂ ಇನ್ನಿಬ್ಬರು ಗೆಳೆಯರೂ ಇರುತ್ತೇವೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಶಾಲೆಯ ದಾಖಲೆ ಇದ್ದಷ್ಟನ್ನು ತನ್ನಿ. ನಾಲ್ಕರಲ್ಲೂ ಹೆಸರು ಒಂದೇ ಇದೆಯೇ ಎಂದು ಮೊದಲು ನೋಡೋಣ. ಮಿಲ್ಲಿನವರು ಯಾರಾದರೂ ಇದ್ದರೆ ನನ್ನ ಎದುರಿನ ಕುರ್ಚಿಗೇ ಬನ್ನಿ. ನಿಮ್ಮ ಹೆಸರನ್ನು ಗಿಡ್ಡ ಮಾಡಿದವನು ನಾನೇ ಇರಬಹುದು.